ಎರಡೂ ಕಡೆಯ ವಕೀಲರು

ಸಮುದ್ರದಲ್ಲಿ ಮುಳುಗಿಹೋದ ದೇಶ ಇನ್ನೂ ದೇಶವೇ? 2013ರಲ್ಲಿ ಜಗತ್ತಿನ ಲಾ ಕಾಲೇಜುಗಳ ಚುರುಕು ಮಕ್ಕಳೆಲ್ಲ ನಿದ್ದೆಗೆಟ್ಟು ಇದೇ ಪ್ರಶ್ನೆಯನ್ನು ಜಗಿಯುತ್ತಿದ್ದರು. ದೇಶದ ಹೆಸರು ಆಲ್ಫರ್ನಾ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮುಳುಗಿದ್ದಕ್ಕಲ್ಲ, ಎಂದೂ ಇಲ್ಲದ್ದಕ್ಕೆ. ಫಿಲಿಪ್ ಸಿ. ಜೆಸಪ್ ಅಂತಾರಾಷ್ಟ್ರೀಯ ಕಾನೂನು ಅಣಕು ನ್ಯಾಯಾಲಯ ಸ್ಪರ್ಧೆಯವರು ಆ ವರ್ಷಕ್ಕೆಂದು ಸೃಷ್ಟಿಸಿದ ದ್ವೀಪ ಅದು. ಕಡಲು ಏರುತ್ತದೆ, ದ್ವೀಪ ಮುಳುಗುತ್ತದೆ, ಜನ ದಿಕ್ಕಾಪಾಲಾಗಿ ರುಟೇಸಿಯಾ ಎಂಬ ಇನ್ನೊಂದು ಇಲ್ಲದ ದೇಶಕ್ಕೆ ಹೋದರೆ ಅಲ್ಲಿ ಅವರನ್ನು ಕೂಡಿಹಾಕುತ್ತಾರೆ. ಆ ದೇಶಕ್ಕೆ ಕೊಡಬೇಕಾದ ಸಾಲದ ತಕರಾರು ಬೇರೆ. ಆ ವರ್ಷ ವಾಷಿಂಗ್ಟನ್ನಿನಲ್ಲಿ ಕಪ್ ಎತ್ತಿದ್ದು ನಮ್ಮ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನ ತಂಡ. 1999ರಲ್ಲೂ ಅದೇ ಶಾಲೆ ಗೆದ್ದಿತ್ತು.

ನಾಗರಭಾವಿಯಿಂದ ರಿಂಗ್ ರೋಡ್ ಹಿಡಿದು ಬನಶಂಕರಿ ದಾಟಿ ಬಂದರೆ ಸಾರಕ್ಕಿ ಸಿಗ್ನಲ್. ತಂಡ ಗೆದ್ದು ಎರಡು ವರ್ಷವಾಗಿತ್ತು, 2015ರ ಏಪ್ರಿಲ್. ರಸ್ತೆಯ ಈ ತುದಿಯಲ್ಲಿ ಅದೇ ಪ್ರಶ್ನೆ ತಲೆಕೆಳಗಾಗಿ ಎದ್ದು ನಿಂತಿತು. ಮನೆಗಳಲ್ಲಿ ಮುಳುಗಿಹೋದ ಕೆರೆ ಇನ್ನೂ ಕೆರೆಯೇ?

ಈ ಸಲ ತೀರ್ಪು ಹೇಳಲು ಬಂದದ್ದು ಜೆಸಿಬಿ. ಸಾರಕ್ಕಿ ಕೆರೆ ಕಂದಾಯದ ಕಾಗದದಲ್ಲಿ ಸುಮಾರು 82 ಎಕರೆ. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ ಎಂದು ಹಲವು ಹಳ್ಳಿಗಳ ಸರ್ವೆ ನಂಬರುಗಳಲ್ಲಿ ಹಾಸಿಕೊಂಡಿದ್ದ ನೀರು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಎಕರೆ ಒತ್ತುವರಿಯಾಗಿತ್ತು. ಹೈಕೋರ್ಟಿನ ಆದೇಶ ಹಿಡಿದು ಜಿಲ್ಲಾಡಳಿತ ಬಂದಾಗ ಬಿದ್ದದ್ದು ಶೆಡ್ಡುಗಳಷ್ಟೇ ಅಲ್ಲ, ಗೃಹಪ್ರವೇಶಕ್ಕೆ ಕಟ್ಟಿದ ಮಾವಿನ ತೋರಣ ಒಣಗಿ ನೇತಾಡುತ್ತಿದ್ದ ಮನೆಗಳೂ ಬಿದ್ದವು. ಮನೆ ಕಳೆದುಕೊಂಡವರು ಬರಿಗೈಯವರೆಂದು ತಿಳಿಯಬೇಡಿ. ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ, ಕರೆಂಟ್ ಬಿಲ್ಲು, ಬ್ಯಾಂಕಿನ ಸಾಲದ ಪುಸ್ತಕ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡು ನಿಂತಿದ್ದರು. ಸರ್ಕಾರ ಕೊಟ್ಟ ಕಾಗದ ಹಿಡಿದವರ ಮನೆಯನ್ನು ಸರ್ಕಾರ ಕಳಿಸಿದ ಯಂತ್ರ ಕೆಡವುತ್ತಿತ್ತು.

ಇಲ್ಲಿ ಅಣಕು ನ್ಯಾಯಾಲಯದ ಬಗ್ಗೆ ನಾಲ್ಕು ಮಾತು ಹೇಳಬೇಕು. 1960ರಲ್ಲಿ ಹಾರ್ವರ್ಡಿನಲ್ಲಿ, ಕ್ಯೂಬಾದ ಭೂಸುಧಾರಣೆಯನ್ನು ವಿಷಯವಾಗಿಟ್ಟುಕೊಂಡು ಶುರುವಾದ ಆಟ ಇದು. ಆಗ ಕ್ಯೂಬಾ ಎಂಬ ನಿಜವಾದ ದೇಶವಿತ್ತು, ನಿಜವಾದ ಜಮೀನಿತ್ತು. ಈಗ ದೇಶಗಳೆಲ್ಲ ಕಲ್ಪನೆಯವು. ಒಂದು ತಂಡಕ್ಕೆ 45 ನಿಮಿಷ. ಎದುರಿಗೆ ಕೂತ ತೀರ್ಪುಗಾರರನ್ನು ‘ಯುವರ್ ಎಕ್ಸಲೆನ್ಸಿ’ ಎನ್ನಬೇಕು. ಅವರು ಮಾತಿನ ಮಧ್ಯೆ ಬಾಯಿ ಹಾಕಿದರೆ ಮುಖ ಗಂಟಿಕ್ಕಬಾರದು. ಲಿಖಿತ ವಾದ ಪದಮಿತಿ ಮೀರಿದರೆ ಅಂಕ ಹೋಯಿತು. ಯಾವ ಕಾಲೇಜು, ಯಾವ ದೇಶ ಎಂದು ಬಾಯಿ ಬಿಟ್ಟರೂ ಹೋಯಿತು. ತಂಡಕ್ಕೆ ಒಂದು ನಂಬರು, ಅಷ್ಟೆ. ಎಲ್ಲಕ್ಕಿಂತ ಮುಖ್ಯ ನಿಯಮ ಒಂದಿದೆ. ಪ್ರತಿ ತಂಡವೂ ಎರಡು ಮೆಮೋರಿಯಲ್, ಅಂದರೆ ಲಿಖಿತ ವಾದ, ಬರೆಯಬೇಕು, ಅರ್ಜಿದಾರನ ಪರ ಒಂದು, ಪ್ರತಿವಾದಿಯ ಪರ ಇನ್ನೊಂದು. ಬೆಳಿಗ್ಗೆ ಆಲ್ಫರ್ನಾ ಜೀವಂತವಾಗಿದೆ ಎಂದು ಎದೆ ತಟ್ಟಿ ಹೇಳಿದ ಹುಡುಗಿಯೇ ಮಧ್ಯಾಹ್ನ ಅದೇ ದನಿಯಲ್ಲಿ, ಅದೇ ಕೋಟಿನಲ್ಲಿ, ಅದು ಸತ್ತು ಎಷ್ಟೋ ಕಾಲವಾಯಿತು ಎನ್ನಬೇಕು. ಯಾವ ಕಡೆ ನಿಂತಾಗಲೂ ಮುಖದಲ್ಲಿ ಅನುಮಾನ ಕಾಣಬಾರದು.

ಈ ಕೊನೆಯ ವಿದ್ಯೆಗೆ ಮಕ್ಕಳು ವರ್ಷಗಟ್ಟಲೆ ತಾಲೀಮು ಮಾಡುತ್ತಾರೆ. ನಮ್ಮ ಕಚೇರಿಗಳಿಗೆ ಅದು ಹುಟ್ಟಿನಿಂದಲೇ ಬಂದದ್ದು. ಖಾತೆ ಕೊಡುವ ದಿನ ‘ಈ ಸ್ವತ್ತು ಸಕ್ರಮ’ ಎಂಬ ಮೆಮೋರಿಯಲ್. ಒಡೆಯುವ ದಿನ ‘ಈ ಸ್ವತ್ತು ಕೆರೆಯಂಗಳ’ ಎಂಬ ಮೆಮೋರಿಯಲ್. ಲಾಂಛನ ಅದೇ, ಇಂಕೂ ಅದೇ. ಅಂಕ ಕಳೆಯುವ ತೀರ್ಪುಗಾರರಿಲ್ಲ ಎಂಬುದೊಂದೇ ವ್ಯತ್ಯಾಸ. ಸಹಿಯ ಕೆಳಗಿನ ಹೆಸರು ಓದಲು ಬಾರದಂತಿರುವುದರಿಂದ ಗುರುತು ಬಿಟ್ಟುಕೊಡಬಾರದೆಂಬ ನಿಯಮವನ್ನೂ ಪಾಲಿಸಿದಂತಾಯಿತು.

ನಮ್ಮ ಬೀದಿಯ ಕೊನೆಮನೆಯ ಹುಡುಗಿ ಐದು ವರ್ಷದ ಲಾ ಓದುತ್ತಿದ್ದಾಳೆ. ಬೆಳಿಗ್ಗೆ ಕೆರೆಯ ಸುತ್ತ ನಡೆಯಲು ಹೋದರೆ ಎದುರಾಗುತ್ತಾಳೆ, ಗಾಳಿಗೆ ಕೈ ಬೀಸುತ್ತ, ಇಲ್ಲದ ನ್ಯಾಯಾಧೀಶರಿಗೆ ತಲೆ ಬಾಗುತ್ತ. ಶುರುವಿನಲ್ಲಿ ವಾಕಿಂಗಿನ ಹಿರಿಯರು ಗಾಬರಿಯಾಗಿದ್ದರು. ಈಗ ಒಗ್ಗಿಹೋಗಿದೆ, ಕೆಲವರು ಸಮಯ ನೋಡಿ ಹೇಳುವ ಕೆಲಸವನ್ನೂ ವಹಿಸಿಕೊಂಡಿದ್ದಾರೆ. ಒಂದು ದಿನ ನಿಲ್ಲಿಸಿ ಕೇಳಿದೆ:

“ಏನಮ್ಮಾ, ದೇಶ ಅಂತ ಅನ್ನಿಸ್ಕೋಬೇಕಾದ್ರೆ ಏನೇನು ಇರಬೇಕು?”

“ಮಾಂಟೆವಿಡಿಯೊ, 1933, ಅಂಕಲ್. ನಾಲ್ಕು ಬೇಕು. ಕಾಯಂ ಜನಸಂಖ್ಯೆ, ನಿಗದಿಯಾದ ಭೂಪ್ರದೇಶ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡೋ ಶಕ್ತಿ.”

ನಿಂತಲ್ಲೇ ಲೆಕ್ಕ ಹಾಕಿದೆ. ಕೆರೆಯಂಗಳದಲ್ಲಿ ಎದ್ದ ಯಾವ ಲೇಔಟನ್ನಾದರೂ ತೆಗೆದುಕೊಳ್ಳಿ. ಕಾಯಂ ಜನಸಂಖ್ಯೆ ಇದೆ, ರೇಷನ್ ಕಾರ್ಡು, ಓಟಿನ ಚೀಟಿ ಸಮೇತ. ನಿಗದಿಯಾದ ಭೂಪ್ರದೇಶವೂ ಇದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 14, ಉತ್ತರಕ್ಕೆ ಖಾಸಗಿ ಸ್ವತ್ತು. ದಕ್ಷಿಣಕ್ಕೆ ಕೆರೆ ಎಂದು ಬರೆಯುವ ಜಾಗದಲ್ಲಿ ಯಾವ ಪತ್ರದಲ್ಲೂ ‘ಕೆರೆ’ ಕಾಣುವುದಿಲ್ಲ. ಸರ್ಕಾರ ಎಂದರೆ ಕ್ಷೇಮಾಭಿವೃದ್ಧಿ ಸಂಘ. ಅಧ್ಯಕ್ಷರಿದ್ದಾರೆ, ಖಜಾಂಚಿಯಿದ್ದಾರೆ, ಗಣೇಶನ ಪೆಂಡಾಲಿಗೆ ತೆರಿಗೆಯೂ ಇದೆ. ವಿದೇಶಾಂಗ ವ್ಯವಹಾರವಂತೂ ಜೋರು. ಬೆಸ್ಕಾಂ ಜೊತೆ ಒಂದು ಒಪ್ಪಂದ, ಜಲಮಂಡಳಿ ಜೊತೆ ಇನ್ನೊಂದು, ಚುನಾವಣೆ ಹತ್ತಿರ ಬಂದಾಗ ಎಲ್ಲ ಪಕ್ಷಗಳ ಜೊತೆ ಪ್ರತ್ಯೇಕ ಸಂಧಾನ. ಆಲ್ಫರ್ನಾಕ್ಕೆ ನೆಲವೇ ಇರಲಿಲ್ಲ. ನಮ್ಮವರಿಗೆ ನಾಲ್ಕಕ್ಕೆ ನಾಲ್ಕೂ ಇತ್ತು. ವಿಶ್ವಸಂಸ್ಥೆಗೆ ಅರ್ಜಿ ಹಾಕುವುದೊಂದು ಬಾಕಿ.

ಅವಳ ಕೈಯಲ್ಲಿ ತೀರ್ಪುಗಳ ಕಟ್ಟಿತ್ತು. ಮೇಲಿದ್ದದ್ದು ಪ್ರೀಹ್ ವಿಹಾರ್ ದೇಗುಲದ ಪ್ರಕರಣ, 1962ರದು. ಕಾಂಬೋಡಿಯಾ, ಥಾಯ್ಲೆಂಡ್ ಗಡಿಯ ಬೆಟ್ಟದ ತುದಿಯಲ್ಲೊಂದು ಹಳೆಯ ಶಿವಾಲಯ. 1908ರ ಸುಮಾರಿಗೆ ಫ್ರೆಂಚರು ನಕ್ಷೆ ಬರೆದು ಆ ಗುಡಿಯನ್ನು ಕಾಂಬೋಡಿಯಾದ ಕಡೆಗೆ ಹಾಕಿ ಕಳಿಸಿದರು. ಥಾಯ್ಲೆಂಡಿನ ಕಡೆಯವರು ಸುಮ್ಮನಿದ್ದರು. 1930ರಲ್ಲಿ ಅವರ ರಾಜಕುಮಾರನೇ ಗುಡಿ ನೋಡಲು ಹೋದ; ಫ್ರೆಂಚ್ ಅಧಿಕಾರಿ ತನ್ನ ಬಾವುಟ ಹಾರಿಸಿಕೊಂಡು ಸ್ವಾಗತಿಸಿದ. ಆಗಲೂ ತಕರಾರಿಲ್ಲ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಕೇಳಿದ್ದು ಇಷ್ಟೇ: ಬಾಯಿ ಬಿಡಬೇಕಾದಾಗ ಬಿಡದೆ ಈಗ ಬಂದು ಗುಡಿ ನಮ್ಮದು ಎಂದರೆ ಹೇಗೆ?

ಗುಡಿಯ ಜಾಗದಲ್ಲಿ ಕೆರೆಯನ್ನಿಟ್ಟು ಓದಿ. ನಕ್ಷೆ ಬರೆದವನು ಲೇಔಟ್ ಮಾಡಿದವನು. ನಕ್ಷೆ ನೋಡಿಯೂ ಸುಮ್ಮನಿದ್ದವರು ಯಾರೆಂದು ನಾನು ಹೇಳಬೇಕಾಗಿಲ್ಲ. ರಾಜಕುಮಾರನಂತೂ ಒಬ್ಬನಲ್ಲ. ಬೋರ್‌ವೆಲ್ ಉದ್ಘಾಟನೆಗೆ ಬಂದವರು, ಚರಂಡಿಯ ಗುದ್ದಲಿ ಪೂಜೆಗೆ ಬಂದವರು, ಡಾಂಬರು ಹಾಕಿಸಿ ಫ್ಲೆಕ್ಸ್ ಕಟ್ಟಿಸಿದವರು. ಅವರಲ್ಲಿ ಯಾರಿಗೂ ಕಾಲಡಿಯ ಮಣ್ಣು ಮೆತ್ತಗಿದೆ ಎನ್ನಿಸಲಿಲ್ಲ. ಇಷ್ಟಾದರೂ ಹೇಗ್‌ನ ವಾದ ಇಲ್ಲಿ ಗೆಲ್ಲುವುದಿಲ್ಲ. ಕೆರೆ ಸಾರ್ವಜನಿಕ ಸ್ವತ್ತು, ಅದನ್ನು ಅಧಿಕಾರಿಯ ಮೌನದಿಂದ ಸಂಪಾದಿಸಲು ಬರುವುದಿಲ್ಲ ಎನ್ನುತ್ತದೆ ನಮ್ಮ ಕಾನೂನು. ಸರಿಯಾದ ಮಾತೇ. ದೇಶವೊಂದು ಸುಮ್ಮನಿದ್ದರೆ ಗುಡಿ ಹೋಗುತ್ತದೆ. ಅಧಿಕಾರಿ ಸುಮ್ಮನಿದ್ದರೆ ಮನೆ ಹೋಗುತ್ತದೆ, ಅದೂ ಕೊಂಡವನ ಮನೆ, ಅಧಿಕಾರಿಯ ಮನೆಯಲ್ಲ.

ಕಡಲು ಯಾರ ಸ್ವತ್ತೂ ಅಲ್ಲ ಎಂದು ಡಚ್ಚರ ಗ್ರೋಷಿಯಸ್ 1609ರಲ್ಲಿ ಪುಸ್ತಕ ಬರೆದ. ಯಾರ ಸ್ವತ್ತೂ ಅಲ್ಲದ್ದಕ್ಕೆ ಬೇಲಿ ಹಾಕಬಾರದು ಎಂಬುದು ಅವನ ತಾತ್ಪರ್ಯ. ನಮ್ಮ ಲೇಔಟ್ ಪಂಡಿತರು ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಟ್ಟು 30x40ರ ಕಲ್ಲು ನೆಟ್ಟರು.

ಇನ್ನು ಕೆರೆಯ ಪ್ರಾದೇಶಿಕ ಸಮುದ್ರದ ವಿಚಾರ. ದೇಶದ ಕರಾವಳಿಯಿಂದ 12 ನಾಟಿಕಲ್ ಮೈಲು ಆ ದೇಶದ್ದು ಎಂದು 1982ರ ಸಮುದ್ರ ಕಾನೂನು ಒಪ್ಪಂದ ಹೇಳಿದ ಮೇಲೆ ಯಾರೂ ಅದನ್ನು ಮುಟ್ಟಲು ಹೋಗಿಲ್ಲ. ಬೆಂಗಳೂರಿನ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ಮಧ್ಯೆ 2017ರಲ್ಲಿ, ಒಣಗಿದ ಕೆರೆಗಳನ್ನು ಕೆರೆಯ ಪಟ್ಟಿಯಿಂದಲೇ ಬಿಡಿಸಿಬಿಡುವ ಯೋಚನೆ ಸರ್ಕಾರದ ತಲೆಗೆ ಬಂದು ದೊಡ್ಡ ಗದ್ದಲವಾಯಿತು. ನೀರು ತುಂಬಿ ಮುಳುಗಿದ ದೇಶಕ್ಕೆ ದೇಶದ ಪಟ್ಟ ಉಳಿಯಬೇಕೆಂದು ನಮ್ಮ ಮಕ್ಕಳು ವಾಷಿಂಗ್ಟನ್ನಿನಲ್ಲಿ ವಾದಿಸಿ ಬಂದಿದ್ದರು. ನೀರು ಬತ್ತಿದ ಕೆರೆಗೆ ಕೆರೆಯ ಪಟ್ಟ ಉಳಿಸಲು ಊರಲ್ಲಿ ಸಂಜೆ ಮೇಣದ ಬತ್ತಿ ಹಿಡಿದು ನಿಲ್ಲಬೇಕಾಯಿತು.

ಲಿಖಿತ ವಾದಗಳಿಗೆ ನಮ್ಮಲ್ಲಿ ಬರವಿದೆ ಎನ್ನಬೇಡಿ. 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಹೇಗೆ ಉಳಿಸಬೇಕೆಂದು ಬರೆದುಕೊಟ್ಟಿತು. 2007ರಲ್ಲಿ ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ ಒತ್ತುವರಿಯ ಪಟ್ಟಿ ಕೊಟ್ಟಿತು. 2011ರಲ್ಲಿ ವಿ. ಬಾಲಸುಬ್ರಮಣಿಯನ್ ವರದಿ ಬಂತು. ಅದರ ಶೀರ್ಷಿಕೆಯಲ್ಲೇ ದುರಾಸೆಯೂ ಇತ್ತು, ಶಾಮೀಲೂ ಇತ್ತು. ಅದೇ ವರ್ಷ ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಸಮಿತಿಯ ವರದಿ. ಆಮೇಲೆ ಕೆ.ಬಿ. ಕೋಳಿವಾಡ ಸಮಿತಿ. ಜೆಸಪ್‌ನಲ್ಲಿ ಒಳ್ಳೆಯ ಮೆಮೋರಿಯಲ್‌ಗೆ ಬಹುಮಾನ ಉಂಟು. ನಮ್ಮಲ್ಲಿ ಒಳ್ಳೆಯ ವರದಿಗೆ ಇನ್ನೊಂದು ಸಮಿತಿ ಉಂಟು.

ಈ ಎರಡು ಬಾಯಿಯ ಕಲೆ ತುಟ್ಟತುದಿ ಮುಟ್ಟಿದ್ದು ಕಾವೇರಿಯಲ್ಲಿ. ಸಾರಕ್ಕಿಯ ನಲ್ಲಿಯಲ್ಲಿ ಬರುವುದು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಎತ್ತಿ ತಂದ ನೀರು. ಈ ನೀರಿನೊಳಗೆ ಅಂತಾರಾಷ್ಟ್ರೀಯ ಕಾನೂನು ಕರಗಿದೆ ಎಂದರೆ ಬಿಂದಿಗೆ ಹಿಡಿದವರು ನಗುತ್ತಾರೆ. ಆದರೆ ಫೆಬ್ರುವರಿ 16, 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹಲವು ದೇಶಗಳಲ್ಲಿ ಹರಿಯುವ ನದಿಗಳಿಗೆಂದು 1966ರಲ್ಲಿ ಮಾಡಿದ ಹೆಲ್ಸಿಂಕಿ ನಿಯಮಗಳನ್ನು ಎತ್ತಿಕೊಂಡು ಚರ್ಚಿಸಿಯೇ ನ್ಯಾಯವಾದ ಹಂಚಿಕೆಯ ಮಾತಾಡಿದ್ದು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಬಾಯಾರಿಕೆಗೆ. ದಶಕಗಳ ಕಾಲ ನಮ್ಮ ಪರ ನಿಂತು ವಾದಿಸಿದ ಫಾಲಿ ನರಿಮನ್‌ರಂಥವರ ಶ್ರಮದ ಹನಿಗಳು ಅವು. ದೆಹಲಿಯಲ್ಲಿ ನಮ್ಮ ಮೆಮೋರಿಯಲ್: ಈ ನಗರಕ್ಕೆ ಕುಡಿಯಲು ನೀರಿಲ್ಲ ಸ್ವಾಮೀ. ಊರಿಗೆ ವಾಪಸು ಬಂದ ಮೇಲೆ ನಮ್ಮ ಮೆಮೋರಿಯಲ್: ಈ ಹೊಂಡ ಯಾಕೆ ಸುಮ್ಮನೆ ಬಿದ್ದಿದೆ, ಮಣ್ಣು ಹೊಡೆಸ್ರಪ್ಪಾ. ಅರ್ಜಿದಾರರೂ ನಾವೇ, ಪ್ರತಿವಾದಿಯೂ ನಾವೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆಗ ಎದುರು ಕಡೆಯ ವಾದ ಮಂಡಿಸಲು ತಂಡವೇ ಇರಲಿಲ್ಲ.

ನದಿ ಹಂಚುವ ವಿದ್ಯೆ ನಮಗೆ ಹೊರಗಿನದೇನಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1940ರ ದಶಕದ ಶುರುವಿನಲ್ಲಿ ಪಂಜಾಬ್, ಸಿಂಧ್‌ಗಳ ನಡುವಿನ ಸಿಂಧೂ ನೀರಿನ ಜಗಳ ವಿಚಾರಿಸಿದ ಆಯೋಗದ ಮುಖ್ಯಸ್ಥರಾಗಿದ್ದರು. ಆಮೇಲೆ ಸಂವಿಧಾನ ಸಭೆಯ ಸಲಹೆಗಾರರಾದರು, 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ಕೂತರು. ಜೆಸಪ್ ಅದೇ ನ್ಯಾಯಾಲಯಕ್ಕೆ ಬಂದದ್ದು 1961ರಲ್ಲಿ. ಸ್ಪರ್ಧೆಗೆ ಹೆಸರಿಡುವ ಅವಕಾಶ ನಮಗೂ ಇತ್ತೆಂದಾಯಿತು. ಮಕ್ಕಳನ್ನು ಕೇಳಿ ನೋಡಿ, ಜೆಸಪ್ ಗೊತ್ತು. ಬೆನಗಲ್ ಎಂದರೆ ಯಾವ ಬಸ್ಸು ಹೋಗುತ್ತೆ ಎನ್ನುತ್ತಾರೆ.

ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಹೀಗೆ ಕಲಿಯಿರಿ ಎಂದು ವಿಧಿಸಿದ್ದು ಬಾರ್ ಕೌನ್ಸಿಲ್. 2008ರ ನಿಯಮಗಳ ಪ್ರಕಾರ ವಿದ್ಯಾರ್ಥಿ ವರ್ಷಕ್ಕೆ ಮೂರು ಅಣಕು ನ್ಯಾಯಾಲಯ ಮಾಡಬೇಕು. ಒಂದೊಂದಕ್ಕೆ 10 ಅಂಕ, ಬರೆದ ವಾದಕ್ಕೆ 5, ಬಾಯಿ ವಾದಕ್ಕೆ 5. ನಿಜವಾದ ನ್ಯಾಯಾಲಯದಲ್ಲಿ ನಿಜವಾದ ವಿಚಾರಣೆ ಎಷ್ಟು ನೋಡಬೇಕು? ಕೋರ್ಸಿನ ಕೊನೆಯ ಎರಡು ಮೂರು ವರ್ಷಗಳಲ್ಲಿ ಎಲ್ಲ ಸೇರಿ ಎರಡು, ಒಂದು ಸಿವಿಲ್, ಒಂದು ಕ್ರಿಮಿನಲ್. ಇದು ಉದ್ದೇಶಪೂರ್ವಕವಾದ ಕರುಣೆ ಎಂದೇ ನನ್ನ ಭಾವನೆ. ಸಿಟಿ ಸಿವಿಲ್ ಕೋರ್ಟಿನಲ್ಲಿ ‘ಹೆಚ್ಚಿನ ಸಮಯ ಕೋರಲಾಗಿದೆ’ ಎಂಬ ಒಂದೇ ವಾಕ್ಯಕ್ಕೆ ಮೂರು ತಿಂಗಳು ಉರುಳುವುದನ್ನು ಮೂರನೇ ಸಲ ನೋಡಿದ ಹುಡುಗಿ ಲಾ ಬಿಟ್ಟು ಬಿಬಿಎ ಸೇರಿಬಿಟ್ಟಾಳು.

ಗೆದ್ದವರು ಆಮೇಲೆ ಏನಾಗುತ್ತಾರೆ? ಎಲ್ಲರೂ ಹೇಗ್‌ಗೆ ಹೋಗಲಾರರು. ಕುಲಭೂಷಣ್ ಜಾಧವ್ ಪ್ರಕರಣವನ್ನು ಅಲ್ಲಿ ವಾದಿಸಲು ಹರೀಶ್ ಸಾಳ್ವೆ ತೆಗೆದುಕೊಂಡದ್ದು ಒಂದು ರೂಪಾಯಿ. ಆ ದರದಲ್ಲಿ ಜೆ.ಪಿ. ನಗರದಲ್ಲಿ ಬಾಡಿಗೆ ಕಟ್ಟಲಾಗದು. ಹೆಚ್ಚಿನವರು ದೊಡ್ಡ ಲಾ ಫರ್ಮ್ ಸೇರುತ್ತಾರೆ. ಮೊದಲ ವರ್ಷದ ಕೆಲಸ ಏನೆಂದುಕೊಂಡಿರಿ? ಬಿಲ್ಡರ್ ಕೊಂಡ ಜಮೀನಿನ ದಾಖಲೆ ನೋಡಿ ಟೈಟಲ್ ಕ್ಲಿಯರ್ ಇದೆಯೇ ಎಂದು ಬರೆದುಕೊಡುವುದು. ಪಹಣಿ, ಮ್ಯುಟೇಶನ್, ಗ್ರಾಮನಕ್ಷೆ. ನಕ್ಷೆಯ ಮಧ್ಯೆ ಒಂದು ನೀಲಿ ಗೆರೆ ಹಾದುಹೋಗಿರುತ್ತದೆ, ರಾಜಕಾಲುವೆ. ಆಗ ಐದು ವರ್ಷದ ತಾಲೀಮು ಕೈ ಹಿಡಿಯುತ್ತದೆ. ಗೆರೆಯ ಈ ಕಡೆಯಿಂದಲೂ ವಾದಿಸಬಹುದು, ಆ ಕಡೆಯಿಂದಲೂ ವಾದಿಸಬಹುದು. ಫೀಸು ಯಾವ ಕಡೆಯಿಂದ ಬರುತ್ತದೆಂದು ನೋಡಿಕೊಂಡರಾಯಿತು.

ನಮ್ಮ ಬೀದಿಯ ಹುಡುಗಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಈ ಸಲ ಅವಳು ತಲೆ ಕೆಡಿಸಿಕೊಂಡದ್ದು ರಾಜ್ಯ ಉತ್ತರಾಧಿಕಾರದಲ್ಲಿ. ಒಂದು ದೇಶ ಒಡೆದು ಹಲವಾದಾಗ ಹಳೆಯ ಆಸ್ತಿ, ಹಳೆಯ ಸಾಲ, ಹಳೆಯ ಕಡತ ಯಾರ ಪಾಲಿಗೆ ಎಂಬ ಪ್ರಶ್ನೆ. 1983ರಲ್ಲಿ ವಿಯೆನ್ನಾದಲ್ಲಿ ಇದಕ್ಕೆಂದೇ ಒಂದು ಒಪ್ಪಂದ ಬರೆದರು, ಅದು ಇವತ್ತಿಗೂ ಜಾರಿಗೆ ಬಂದಿಲ್ಲ. ಯುಗೊಸ್ಲಾವಿಯ ಒಡೆದು ಐದಾದ ಮೇಲೆ ಐವರೂ ಕೂತು ಪಾಲು ಪತ್ರಕ್ಕೆ ಸಹಿ ಹಾಕಿದ್ದು 2001ರಲ್ಲಿ. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೂ ಐದು ಪಾಲಿಕೆಗಳಾಗಿ ಒಡೆಯಿತು. ಬಾಂಬು ಬೀಳಲಿಲ್ಲ, ಬೋರ್ಡು ಬದಲಾದವು.

ಅದಾದ ಮೇಲೆ ಅಜ್ಜಿಯ ಮನೆಯ ಇ-ಖಾತೆಗೆ ಹುಡುಗಿಯನ್ನೇ ಓಡಾಡಲು ಬಿಟ್ಟಿದ್ದರು, ಮನೆಯಲ್ಲಿ ಲಾ ಓದುವವಳು ಅವಳೊಬ್ಬಳೇ ಎಂದು. ತಯಾರಿ ಜೋರಾಗಿತ್ತು. ಕಾಗದಗಳಿಗೆ ಅನುಬಂಧ 1, ಅನುಬಂಧ 2 ಎಂದು ಚೀಟಿ ಅಂಟಿಸಿ ಫೈಲು ಮಾಡಿಕೊಂಡು ಹೋಗಿದ್ದಳು. ಹೇಗ್‌ನಲ್ಲಿ ಯಾವ ಪ್ರತಿವಾದಿಯೂ ಮೊದಲು ಎತ್ತುವುದು ವ್ಯಾಪ್ತಿಯ ಆಕ್ಷೇಪಣೆ ಎಂದು ಅವಳಿಗೆ ಗೊತ್ತು. ಮಾರ್ಷಲ್ ದ್ವೀಪಗಳು ಅಣ್ವಸ್ತ್ರದ ವಿಷಯದಲ್ಲಿ ಭಾರತದ ಮೇಲೆ ಹಾಕಿದ ದಾವೆ 2016ರಲ್ಲಿ ಬಿದ್ದುಹೋದದ್ದು ಆ ಹೊಸ್ತಿಲಲ್ಲೇ, 9–7ರಲ್ಲಿ. ಇಬ್ಬರ ನಡುವೆ ವಿವಾದವೇ ಇರಲಿಲ್ಲ, ಹಾಗಾಗಿ ಕೋರ್ಟಿಗೆ ಕೆಲಸವೇ ಇಲ್ಲ ಎಂದು. ಅದಕ್ಕೆ ನೂರೆಂಟು ಪುಟದ ವಾದ ಬೇಕಾಗಿತ್ತು. ಕೌಂಟರಿನ ಹಿಂದಿದ್ದವರು ಕಣ್ಣೆತ್ತದೆ ಮುಗಿಸಿದರು.

“ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ.”

“ಹೋದ ವರ್ಷ ಕಂದಾಯ ಇಲ್ಲೇ ಕಟ್ಟಿದೀವಿ ಸಾರ್.”

“ಕಟ್ಟಿರ್ತೀರಾ. ಆಗ ಬೇರೆ ಪಾಲಿಕೆ, ಈಗ ಬೇರೆ ಪಾಲಿಕೆ.”

“ಆಫೀಸು ಇದೇ ಅಲ್ವಾ ಸಾರ್?”

“ಆಫೀಸು ಇದೇ. ಫೈಲು ಇನ್ನೂ ಬಂದಿಲ್ಲ.”

“ಎಲ್ಲಿಂದ ಬರಬೇಕು?”

“ಇಲ್ಲಿಂದಲೇ ಬರಬೇಕು.”

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಅವರು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಎದ್ದರು. ಮರುವಾದಕ್ಕೆ ಅವಳಿಗೆ ಸಮಯ ಸಿಗಲಿಲ್ಲ.